ಕಿಟಕಿ ಮರೆತವಳ ಶಿಫಾರಸು ಪತ್ರ

"ನೀನೇ ಬರ್ಕೊಂಡು ಬಾರಮ್ಮ, ಸಹಿ ಹಾಕಿಬಿಡ್ತೀನಿ," ಅಂದಿದ್ದರು ಸೂಕ್ಷ್ಮಜೀವಿ ಪಾಠದ ಮೇಷ್ಟ್ರು. ಅವರಿಗೇನು, ಅಂದರು. ಬಿಎಸ್ಸಿ ಎರಡನೇ ವರ್ಷದ ಹುಡುಗಿಗೆ ಅಲ್ಲಿಂದ ಅನ್ನ ನೀರು ಸೇರಲಿಲ್ಲ. ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿ ರಜೆಯ ಆರು ವಾರ ಕೆಲಸ ಕಲಿಯುವ ಅವಕಾಶ, ಇಪ್ಪತ್ತೇ ಸೀಟು. ಅರ್ಜಿಗೆ ಇವತ್ತು ಸಂಜೆ ಐದು ಗಂಟೆಯೇ ಗಡುವು. ಮೇಷ್ಟ್ರ ಪತ್ರವೊಂದು ಬಿಟ್ಟು ಮಿಕ್ಕಿದ್ದೆಲ್ಲ ತುಂಬಿಯಾಗಿತ್ತು. ಇದು ತಪ್ಪಿತೋ, ರಜೆಯಿಡೀ ಚಿಕ್ಕಪ್ಪನ ಔಷಧಿ ಅಂಗಡಿ. "ಇಲ್ಲೂ ಸೈನ್ಸೇ ಅಲ್ವೇನೇ," ಅಂತ ನಗುತ್ತ ಆಗಲೇ ಸ್ಟೂಲು ಒರೆಸಿಟ್ಟಿದ್ದ ಪುಣ್ಯಾತ್ಮ.

ತನ್ನನ್ನು ತಾನೇ ಹೊಗಳಿಕೊಳ್ಳುವುದು ಹೇಗೆ? ಒಂದೇ ಮಾತನ್ನು ಎರಡೆರಡು ಸಲ ಆಡುವ ಗೆಳತಿ ಗಿಳಿ ತನ್ನ ಪತ್ರವನ್ನೇ ಮುಂದೆ ಹಿಡಿದಳು. "ಹೆಸರು ಬದಲಾಯ್ಸು ಸಾಕು. ಹೆಸರು ಬದಲಾಯ್ಸೇ." ಶ್ರಮಜೀವಿ, ಶಿಸ್ತಿನ ಸಿಪಾಯಿ, ನಾಯಕತ್ವದ ಗುಣ. ಓದಿದರೆ ಯಾವುದೋ ಸೇನಾಪತಿಯ ಕಥೆ! ಸಂಸ್ಥೆಯವರು ಕೇಳಿದ್ದೇ ಬೇರೆ: ವಿದ್ಯಾರ್ಥಿ ಮಾಡಿದ್ದರಲ್ಲಿ ನೀವು ಕಣ್ಣಾರೆ ಕಂಡ ಒಂದು ಕೆಲಸ.

ಹೇಳಿಕೊಳ್ಳುವಂಥದ್ದು ಹುಡುಗಿಯ ಹತ್ತಿರ ಒಂದೇ ಒಂದಿತ್ತು. ಅದನ್ನು ಮೇಷ್ಟ್ರು ಕಂಡಿರಲೇ ಇಲ್ಲ. ಕಾಣದ ಹಾಗೆ ಮುಚ್ಚಿಟ್ಟವಳೇ ಅವಳು. ಬೇರೆ ದಾರಿ ಕಾಣದೆ, ಅಜ್ಜಿ ಕಥೆ ಶುರು ಮಾಡುವ ಧಾಟಿಯಲ್ಲೇ ಬರೆದಳು. ಓದದೆ ಸಹಿ ಮಾಡುವುದು ಮೇಷ್ಟ್ರ ವಾಡಿಕೆ, ಅದೊಂದೇ ಧೈರ್ಯ.

ನಾಲ್ಕೂ ಕಾಲು. ಮೇಷ್ಟ್ರು ಪೆನ್ನು ಊರಿದರು. ಅದು ಮೂಡಲಿಲ್ಲ. ಇನ್ನೊಂದಕ್ಕೆ ಮೇಜಿನ ಡ್ರಾಯರು ತಡಕುತ್ತಿರುವಾಗ ಕಣ್ಣು ಕಾಗದದ ಮೇಲೆ ಬಿತ್ತು.

"'ಒಂದು ಪ್ರಯೋಗಶಾಲೆ, ಅದಕ್ಕೊಂದು ಕಿಟಕಿ,'" ಅಂತ ಗಟ್ಟಿಯಾಗಿ ಓದಿದರು. "'ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿ ಹೊಯ್ದ ಇಪ್ಪತ್ತು ತಟ್ಟೆಗಳು ಆರಲೆಂದು ಈಕೆ ಮುಚ್ಚಳ ಓರೆಮಾಡಿಟ್ಟಳು, ಕಿಟಕಿ ಮರೆತಳು. ಮೂರನೇ ದಿನ ತಟ್ಟೆಗಳಲ್ಲಿ ಹಸಿರು ಬೂಸ್ಟಿನ ಚುಕ್ಕಿಗಳು. ಈಕೆ ಅತ್ತಳು. ಅತ್ತಾದ ಮೇಲೆ ಎಣಿಸಿದಳು.'"

ಮೇಷ್ಟ್ರು ತಲೆಯೆತ್ತಿದರು.

"ಆ ತಟ್ಟೆ ಎಲ್ಲಿ ಹೋದ್ವು ಅಂತ ಎಲ್ರನ್ನೂ ಕೇಳಿದ್ದೆ."

"ಹೌದು ಸರ್."

"ನೀನು ಗೊತ್ತಿಲ್ಲ ಅಂದಿದ್ದೆ."

"...ಹೌದು ಸರ್."

"ಈಗ ನಾನು ಕಣ್ಣಾರೆ ಕಂಡೆ ಅಂತ ಬರ್ದಿದೀಯ. ಎಲ್ಲಿ ಕಂಡೆನಮ್ಮ? ಕಾಣದ್ದಕ್ಕೆ ಸಹಿ ಹಾಕಲ್ಲ."

"ಎಣಿಸಿ ಬರ್ದಿಟ್ಟ ಪುಸ್ತಕ ಇದೆ ಸರ್, ತರ್ಲಾ?"

ಎರಡು ಮಹಡಿ ಇಳಿದು ಹತ್ತಿದಳು, ಹಿಂದಿನಿಂದ ಗಡಿಯಾರದ ಮುಳ್ಳೇ ಅಟ್ಟಿಸಿಕೊಂಡು ಬರುತ್ತಿತ್ತು. ಪುಸ್ತಕದಲ್ಲಿ ತಟ್ಟೆಗೊಂದು ಸೊನ್ನೆ, ದಿನಕ್ಕೆ ಇಪ್ಪತ್ತರಂತೆ ಒಂಬತ್ತು ದಿನದ್ದು, ಒಳಗೆ ಎಣಿಸಿ ಇಟ್ಟ ಬೂಸ್ಟಿನ ಚುಕ್ಕಿಗಳು. ಕಿಟಕಿ ಹತ್ತಿರದ ತಟ್ಟೆಗಳಲ್ಲಿ ಕಿಕ್ಕಿರಿದಿದ್ದವು, ದೂರದವುಗಳಲ್ಲಿ ವಿರಳ. ಗಾಳಿ ನಡೆದುಹೋದ ದಾರಿ ಹೆಜ್ಜೆ ಮೂಡಿದಂತೆ ಕಾಣುತ್ತಿತ್ತು. ಮೇಷ್ಟ್ರು ಒಂದೊಂದೇ ಹಾಳೆ ತಿರುವಿದರು. ನಾಲ್ಕೂ ಮುಕ್ಕಾಲು. ಅವಳಿಗೆ ಚಿಕ್ಕಪ್ಪನ ಅಂಗಡಿಯ ಸ್ಟೂಲು ಕಣ್ಣ ಮುಂದೆ ಬಂದು ನಿಂತಿತು.

"ಹನ್ನೊಂದನೇ ತಟ್ಟೆ ಯಾಕೆ ಖಾಲಿ?"

"ಅದು ನನ್ನ ಊಟದ ಡಬ್ಬಿ ಮರೇಲಿತ್ತು ಸರ್."

"ಪ್ರಯೋಗಶಾಲೇಲಿ ಊಟದ ಡಬ್ಬಿ!"

ಸತ್ತೆ ಅಂದುಕೊಂಡಳು. ಮೇಷ್ಟ್ರು 'ಕಂಡೆ' ಅನ್ನುವುದನ್ನು ಹೊಡೆದು 'ತಡವಾಗಿ ಕಂಡೆ' ಅಂತ ಮಾಡಿದರು. ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ಕಿಟಕಿ ಮತ್ತು ಊಟದ ಡಬ್ಬಿಯ ವಿಷಯದಲ್ಲಿ ಈಕೆಯ ಮೇಲೆ ಕಣ್ಣಿಡತಕ್ಕದ್ದು. ಎಣಿಕೆಯ ವಿಷಯದಲ್ಲಿ ಬೇಕಿಲ್ಲ.' ಸಹಿ ಬಿತ್ತು.

ಕಂಪ್ಯೂಟರ್ ಕೋಣೆಯಲ್ಲಿ 'ಅರ್ಜಿ ತಲುಪಿದೆ' ಅಂತ ಮೂಡಿದಾಗ ಐದಕ್ಕೆ ಎರಡು ನಿಮಿಷ ಬಾಕಿ.

"ಸಿಗುತ್ತೆ ಬಿಡೇ, ಸಿಗುತ್ತೆ," ಅಂದಳು ಗಿಳಿ.

ಇಂಥ ಪತ್ರ ಓದಿ ಯಾರು ಕರೆದಾರು? ಅಥವಾ ಕರೆದರೂ ಕರೆದಾರೇನೋ? ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಹುಡುಗಿ ದಡಬಡ ಎದ್ದಳು. ಮಧ್ಯಾಹ್ನ ಹೊಸ ತಟ್ಟೆಗಳನ್ನು ಆರಲಿಟ್ಟು ಬಂದಿದ್ದಳು. ಕಿಟಕಿ?

ಓಡಿದಳು. ಮುಚ್ಚಿತ್ತು. ಆದರೂ ಚಿಲಕವನ್ನು ಮೂರು ಸಲ ಎಳೆದು ನೋಡಿದಳು.