ಚಿಕ್ಕಕ್ಷರದ ನಾಲ್ಕು

ಗಡಿಯಾರ ರಿಪೇರಿಯವನು ಗೋಡೆ ಗಡಿಯಾರವನ್ನು ಒರೆಸಿ ಮೇಜಿನ ಮೇಲಿಟ್ಟ. ಬೆಳಗಿನ ಪಾಳಿ ಮುಗಿಸಿ ನೇರ ಅಂಗಡಿಗೆ ಬಂದಿದ್ದ ನರ್ಸಮ್ಮನಿಗೆ ಅದರಲ್ಲೂ ಕೊಂಕು ಕಂಡಿತು. ದಿನಕ್ಕೊಂದು ತಪ್ಪು ಹಿಡಿಯದಿದ್ದರೆ ಅವಳಿಗೆ ತಿಂದ ಅನ್ನ ಅರಗುತ್ತಿರಲಿಲ್ಲ.

“ರೋಮನ್ ನಾಲ್ಕಕ್ಕೆ ನಾಲ್ಕು ಗೆರೆ ಎಳೆದಿದ್ದಾರಲ್ಲ, IV ಅಂತ ಇರಬೇಕಲ್ವಾ?”

“ಹಳೇ ಗಡಿಯಾರದಲ್ಲಿ ಹಾಗೇ ಇರತ್ತಮ್ಮಾ. ಟೈಮ್ ಸರಿ ತೋರಿಸಿದ್ರೆ ಸಾಕಲ್ವಾ?”

ನರ್ಸಮ್ಮ ನಗಲು ಹೋದವಳು ಅಲ್ಲೇ ನಿಂತಳು. IV. ಬೆಳಿಗ್ಗೆ ಅವಳೇ ಅದನ್ನು ಕಂಪ್ಯೂಟರಿಗೆ ಹಾಕಿದ್ದಳು.

ವಾರ್ಡಿನ ಮುದಿ ಡಾಕ್ಟರು ಸಂಖ್ಯೆಗಳನ್ನು ಇನ್ನೂ ಚಿಕ್ಕಕ್ಷರದ ರೋಮನ್ ಅಂಕಿಯಲ್ಲೇ ಬರೆಯುತ್ತಿದ್ದರು. ಮೂರನೇ ಮಂಚದ ದರ್ಜಿಯ ಚೀಟಿಯಲ್ಲಿ ಔಷಧದ ಹೆಸರು, ಪಕ್ಕದಲ್ಲಿ iv. ಅಂದರೆ ನಾಲ್ಕು ಹನಿ, ಬಾಯಿಗೆ. ರೋಗಿಗಳ ಹೆಸರು ದೊಡ್ಡಕ್ಷರದಲ್ಲಿ ಹೊಡೆಯಲು ಒತ್ತಿದ್ದ ಕ್ಯಾಪ್ಸ್ ಲಾಕನ್ನು ಅವಳು ತೆಗೆದಿರಲಿಲ್ಲ. iv ಹೋಗಿ IV ಆಗಿತ್ತು. ವಾರ್ಡಿನಲ್ಲಿ ದೊಡ್ಡಕ್ಷರದ IV ಅಂದರೆ ಒಂದೇ ಅರ್ಥ, ರಕ್ತನಾಳಕ್ಕೆ ಚುಚ್ಚು. ಅದೇ ಔಷಧ ಇಂಜೆಕ್ಷನ್ನಿನಲ್ಲೂ ಬರುತ್ತದೆ. ಅದು ನೇರ ರಕ್ತಕ್ಕೆ ಹೋದರೆ ದರ್ಜಿಯ ದುರ್ಬಲ ಎದೆ ತಡೆಯುವುದಿಲ್ಲ. ಔಷಧದ ಹೊತ್ತು ನಾಲ್ಕು ಗಂಟೆ, ಈಗ ಮೂರೂ ಮುಕ್ಕಾಲು.

ವಾರ್ಡಿಗೆ ಫೋನ್ ಮಾಡಿದಳು. ಎಂಗೇಜ್. ಮತ್ತೆ ಮಾಡಿದಳು, ಆಗಲೂ ಎಂಗೇಜ್. ಗಡಿಯಾರ ಅಲ್ಲೇ ಬಿಟ್ಟು ಓಡಿದಳು.

ಮಧ್ಯಾಹ್ನದ ಪಾಳಿಯಲ್ಲಿದ್ದವಳು ಅವಳ ನಾದಿನಿ. ಎಲ್ಲದಕ್ಕೂ ಒಂದು ಪ್ರಶ್ನೆ ಕೇಳದೆ ಬಿಡುವವಳಲ್ಲ. ಮೂರು ದಿನದ ಹಿಂದೆ ಅಡುಗೆಮನೆಯಲ್ಲಿ, ಎಲ್ಲರ ಎದುರಿಗೇ, ನರ್ಸಮ್ಮ ಅವಳ ನೀರಿಳಿಸಿದ್ದಳು. “ಇಪ್ಪತ್ತೆರಡು ವರ್ಷದ ಸರ್ವಿಸು ನಂದು. ನಾನು ಬರೆದಿದ್ದನ್ನ ಕೆದಕೋಕೆ ನೀನ್ಯಾರು?”

“ಆಯ್ತು ಅತ್ತಿಗೆ. ಇನ್ನು ನಿಮ್ಮನ್ನ ಒಂದು ಮಾತೂ ಕೇಳಲ್ಲ.”

ಅಂದಿನಿಂದ ಕೇಳಿಯೂ ಇರಲಿಲ್ಲ. ಆ ಮೌನ ತನಗೆ ಎಷ್ಟು ಹಿತವಾಗಿತ್ತು ಎಂದು ನೆನಪಾಗಿ, ರಸ್ತೆ ದಾಟುತ್ತಿದ್ದ ನರ್ಸಮ್ಮನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆಸ್ಪತ್ರೆಯ ಲಿಫ್ಟು ಐದನೇ ಮಹಡಿಯಲ್ಲಿ ನಿಂತಿತ್ತು. ಕಾಯಲು ಜೀವ ಒಪ್ಪದೆ ಮೆಟ್ಟಿಲು ಹತ್ತಿದಳು.

ವಾರ್ಡಿಗೆ ಬಂದಾಗ ನಾಲ್ಕು ಗಂಟೆ ಏಳು ನಿಮಿಷ. ಮೂರನೇ ಮಂಚದ ಪಕ್ಕದ ಟ್ರೇಯಲ್ಲಿ ಸಿರಿಂಜ್ ಇತ್ತು, ಖಾಲಿ.

“ಏನಮ್ಮಾ ಇಷ್ಟು ಏದುಸಿರು?” ಎಂದ ದರ್ಜಿ ಮಲಗಿದಲ್ಲಿಂದಲೇ. “ಪಕ್ಕದ ಮಂಚ ಖಾಲಿ ಇದೆ ನೋಡಿ.”

“ಚುಚ್ಚಿದ್ಯಾ?” ನರ್ಸಮ್ಮ ಪಕ್ಕದಲ್ಲಿದ್ದ ನಾದಿನಿಯ ತೋಳು ಹಿಡಿದಳು.

“ಇಲ್ಲ. ಸಿರಿಂಜ್ ತಂದಿಟ್ಟೆ, IV ಅಂತಿತ್ತು, ಎಷ್ಟು ಅಂತ ಇರಲಿಲ್ಲ, ತುಂಬೋಕೆ ಮನಸ್ಸು ಬರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಅವರು ಸಿಗೋಷ್ಟರಲ್ಲಿ ಸಾಕಾಯ್ತು. ಬಾಯಿಗೆ ನಾಲ್ಕು ಹನಿ ಅಂದ್ರು, ಹಾಕಿದೆ.” ನಾದಿನಿ ತೋಳು ಬಿಡಿಸಿಕೊಂಡಳು. “ನಿಮ್ಮನ್ನ ಕೇಳಲ್ಲ ಅಂದಿದ್ದೆ ಅಷ್ಟೆ. ಅವರನ್ನ ಕೇಳಲ್ಲ ಅಂದಿರಲಿಲ್ಲ.”

ನರ್ಸಮ್ಮನಿಗೆ ಅಳು ಬಂತು. ಇವಳೇ ಗೆದ್ದಳಲ್ಲ ಎಂದು ಒಂದು ಚೂರು ಸಿಟ್ಟೂ ಬಂತು.

“ಕಂಪ್ಯೂಟರಲ್ಲಿ ಯಾರು ಹಾಗೆ ಹಾಕಿದ್ದು ಅಂತ ಡಾಕ್ಟರು ಕೇಳಿದ್ರು,” ಎಂದಳು ನಾದಿನಿ. “ಹಾಕಿದವರೇ ಹೇಳ್ತಾರೆ ಅಂದೆ.”

ಅವಸರ, ದಣಿವು, ಹಾಳು ಕಂಪ್ಯೂಟರು, ಎಲ್ಲ ನೆಪಗಳೂ ನರ್ಸಮ್ಮನ ನಾಲಿಗೆಯ ತುದಿಗೆ ಬಂದು ನಿಂತವು. ಅವಳು ಡಾಕ್ಟರಿಗೆ ಮಾಡಲು ಫೋನ್ ಎತ್ತಿಕೊಂಡಳು.

“ಇಲ್ಲೇ ನಿಂತ್ಕೋ,” ಎಂದಳು. “ನಾನು ಏನಾದ್ರೂ ಮುಚ್ಚಿಟ್ಟು ಹೇಳಿದ್ರೆ ಅಲ್ಲೇ ಕೇಳು.”