ಟಾಂಪಾದಿಂದ ಬರಬೇಕಿದ್ದವನು

ಫೆಬ್ರುವರಿಯ ಆ ಗುರುವಾರ ಮಧ್ಯಾಹ್ನ ಮೂರಕ್ಕೆ ಗಡುವು. ಆಟಗಾರರನ್ನು ಕೊಡುವ ತಂಡ ಅಷ್ಟರೊಳಗೆ ಕೊಡಬೇಕು, ತರುವ ತಂಡ ಅಷ್ಟರೊಳಗೆ ತರಬೇಕು. ಮೂರು ಹೊಡೆದ ಮೇಲೆ ಯಾರನ್ನೂ ಅಲುಗಾಡಿಸುವಂತಿಲ್ಲ.

ಪಿಟ್ಸ್‌ಬರ್ಗ್ ರಿವರ್‌ಮೆನ್ ಬ್ಯಾಸ್ಕೆಟ್‌ಬಾಲ್ ತಂಡದ ಬಟ್ಟೆ ಬದಲಿಸುವ ಕೋಣೆಯಲ್ಲಿ ಬೆಳಗಿನಿಂದಲೂ ಹದಿನೈದು ಫೋನುಗಳು ಮಾಲೀಸಿನ ಮೇಜಿನ ಮೇಲೆ ಸಾಲಾಗಿ ಮಲಗಿದ್ದವು. ಈ ಪದ್ಧತಿ ಹಾಕಿದವನು ಓಟಿಸ್ ಹ್ಯಾಲೊವೆಲ್. ಗಡುವಿನ ದಿನ ಯಾರ ಫೋನು ಬಡಿದುಕೊಂಡರೂ ಎಲ್ಲರ ಎದುರಿಗೇ ಎತ್ತಬೇಕು. ಒಂದೇ ಕೋಣೆಯಲ್ಲಿ ಬೆವರು ಸುರಿಸಿದವರು ಮೂಲೆಗೆ ಹೋಗಿ ಪಿಸುಗುಟ್ಟಬಾರದು ಎಂಬುದು ಅವನ ವಾದ. ತಂಡಕ್ಕೆ ಬಂದು ಹನ್ನೊಂದು ವರ್ಷವಾದ ಅವನ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ.

ಮೊದಲು ಬಡಿದುಕೊಂಡದ್ದು ಕೀನನ್ ರಫ್‌ನ ಫೋನು. ತಂಡ ಸೇರಿ ಎರಡನೇ ವರ್ಷ ಅವನಿಗೆ. ಎತ್ತಿದವನ ಮುಖ ಸುಣ್ಣವಾಗಿತ್ತು.

"ಅಮ್ಮಾ! ಇವತ್ತೊಂದಿನ ಫೋನ್ ಮಾಡ್ಬೇಡ ಅಂದಿರ್ಲಿಲ್ವಾ?"

ಕೋಣೆಯೆಲ್ಲ ನಕ್ಕಿತು. "ಬಿಸಿಲೂರು ಟಾಂಪಾಗೆ ಹೋಗ್ಲಾ ಅಂತ ಕೇಳೋ ನಿಮ್ಮಮ್ಮನ್ನ! ಹಿಮ ಗೋರೋದು ತಪ್ಪುತ್ತೆ!" ಎಂದು ಯಾರೋ ಕೂಗಿದರು.

ಕೀನನ್ ಬಂದು ಓಟಿಸ್‌ನ ಪಕ್ಕದಲ್ಲಿ ಕುಕ್ಕರಿಸಿದ. "ಓಟಿಸಣ್ಣಾ, ನಿಜ ಹೇಳು. ನಿನಗೂ ಸ್ಲ್ಯಾಟರಿಗೂ ಅಷ್ಟು ಸ್ನೇಹ. ನನ್ನ ಕಳಿಸ್ತಾರಾ? ಈಗ ತಾನೇ ಮನೆ ಮಾಡಿದೀನಿ ಕಣಣ್ಣಾ."

"ನನಗೇನೋ ಗೊತ್ತು? ನೀನು ಸುಮ್ನೆ ಕಾಲಿಗೆ ಪಟ್ಟಿ ಸುತ್ಕೋ," ಎಂದ ಓಟಿಸ್, ತನ್ನ ಬೂಟಿನ ದಾರ ನೋಡುತ್ತ.

ಗೊತ್ತಿತ್ತು. ಮೂರು ವಾರದ ಹಿಂದೆ ತಂಡದ ಮ್ಯಾನೇಜರ್ ಗ್ರ್ಯಾಡಿ ಸ್ಲ್ಯಾಟರಿ ಅವನನ್ನು ಮಹಡಿಯ ಮೇಲಿನ ಕಚೇರಿಗೆ ಕರೆಸಿದ್ದ. ಸ್ಲ್ಯಾಟರಿಯೂ ಹಿಂದೆ ಇದೇ ತಂಡಕ್ಕೆ ಆಡಿದವನು. ನಾಲ್ಕು ವರ್ಷ ಬಸ್ಸಿನಲ್ಲಿ ಓಟಿಸ್‌ನ ಪಕ್ಕದ ಸೀಟಿನವನು. ಟಾಂಪಾ ತಂಡದ ಡೆಲ್ರಾಯ್ ಮಿಮ್ಸ್ ಬೇಕಾಗಿದ್ದಾನೆ, ಆದರೆ ಅವನು ಮನಸ್ಸು ಮಾಡಬೇಕು ಎಂದಿದ್ದ. "ಬೇರೆ ತಂಡದವನ ಹತ್ರ ನಾನು ಮಾತಾಡಿದ್ರೆ ಲೀಗಿನವರು ದಂಡ ಹಾಕ್ತಾರೆ. ನೀನು ಮಾತಾಡಿದ್ರೆ ಅದು ಸ್ನೇಹಿತರ ಹರಟೆ."

ಡೆಲ್ರಾಯ್ ಮತ್ತು ಓಟಿಸ್ ಕಾಲೇಜಿನಲ್ಲಿ ಒಂದೇ ಕೋಣೆಯವರು. ಡೆಲ್ರಾಯ್‌ನ ಮದುವೆಯಲ್ಲಿ ಉಂಗುರ ಜೇಬಿನಲ್ಲಿಟ್ಟುಕೊಂಡು ಪಕ್ಕದಲ್ಲಿ ನಿಂತವನು ಓಟಿಸ್. ಅವನು ಒಂದಲ್ಲ, ಆರು ಸಲ ಫೋನು ಮಾಡಿದ. ಬಾರೋ, ಕೊನೇ ವರ್ಷ ಜೊತೆಯಲ್ಲಿ ಆಡೋಣ ಎಂದು ಗೋಗರೆದ. ಕೊನೆಗೆ ಡೆಲ್ರಾಯ್ ಒಪ್ಪಿದ; ತನ್ನನ್ನು ಬಿಟ್ಟುಬಿಡಿ ಎಂದು ಟಾಂಪಾದವರಿಗೆ ಹೇಳಿಯೂ ಬಿಟ್ಟ.

ಬದಲಿಗೆ ಯಾರನ್ನು ಕೊಡುವುದು ಎಂದು ಸ್ಲ್ಯಾಟರಿ ಆ ದಿನವೇ ಕೇಳಿದ್ದ. ಓಟಿಸ್ ಬಹಳ ಯೋಚಿಸಲಿಲ್ಲ. "ಕೀನನ್‌ನ ಕೊಡು. ಎಳೆಯ ಜೀವ, ಎಲ್ಲಿ ನೆಟ್ರೂ ಬೇರು ಬಿಡುತ್ತೆ."

ತನ್ನ ಬಗ್ಗೆ ಅವನಿಗೆ ಭಯವೇ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಅವನು ಬೇರೆ ತಂಡದ ಅಂಗಿ ತೊಟ್ಟವನಲ್ಲ. ಮಂಡಿಗಳೆರಡೂ ಸವೆದಿದ್ದವು. ಏಪ್ರಿಲಿನಲ್ಲಿ ಇದೇ ಅಂಗಳದಲ್ಲಿ, ಇದೇ ಜನದ ಎದುರು ಕೊನೆಯ ಆಟ ಆಡಿ ಹೊರಟುಬಿಡಬೇಕು. ಅವನಿಗೆ ಉಳಿದಿದ್ದ ಆಸೆ ಅದೊಂದೇ. ಅದಕ್ಕೆಂದೇ ಒಂದೇ ವರ್ಷದ ಕರಾರಿಗೆ ಸಹಿ ಹಾಕಿದ್ದ. ಹಾಗೆ ಹಳೆಯ ತಂಡದಲ್ಲೇ ಉಳಿದವನನ್ನು ಅವನ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡುವಂತಿಲ್ಲ ಎಂದು ಲೀಗಿನ ನಿಯಮ.

ಒಂದೂಕಾಲಿಗೆ ಓಟಿಸ್‌ನ ಫೋನು ಬಡಿದುಕೊಂಡಿತು. ಸ್ಲ್ಯಾಟರಿ.

"ಹೋಯ್! ಮುದುಕನ್ನ ಮಾರಿದ್ರು!" ಎಲ್ಲರೂ ಬೆಂಚು ಬಡಿದರು. "ಮುದುಕಾ, ಹೋಗೋ ಮುಂಚೆ ಊಟ ಹಾಕ್ಸು!"

"ನಿಮ್ಮ ತಿಥಿ ಊಟ ಹಾಕಿಸ್ತೀನಿ, ಬನ್ರೋ," ಎಂದು ನಗುತ್ತ ಓಟಿಸ್ ಫೋನು ಹಿಡಿದುಕೊಂಡೇ ಮೇಲೆ ಸ್ಲ್ಯಾಟರಿಯ ಕಚೇರಿಗೆ ಹೋದ. ಡೆಲ್ರಾಯ್ ಬರುವುದು ಗಟ್ಟಿಯಾಗಿದೆ, ಅದಕ್ಕೇ ಕರೆದಿದ್ದಾನೆ ಎಂದುಕೊಂಡಿದ್ದ.

ಸ್ಲ್ಯಾಟರಿ ಎದ್ದು ನಿಲ್ಲಲಿಲ್ಲ. ಒಂದು ಹಾಳೆಯನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದ.

"ಓಟಿಸ್, ಕೂತ್ಕೋ. ಟಾಂಪಾದವರು ಕೀನನ್ ಬೇಡ ಅಂದ್ರು."

"ಮತ್ತೆ?"

"ಡೆಲ್ರಾಯ್‌ನಷ್ಟೇ ಸಂಬಳ ಇರೋನು ಬೇಕು. ಜೂನ್‌ಗೆ ಕರಾರು ಮುಗಿಯೋನು ಬೇಕು. ಆಮೇಲೆ ಆ ಸಂಬಳದ ಜಾಗ ಹೊಸಬರಿಗೆ ಖಾಲಿ ಆಗ್ಬೇಕಂತೆ. ನಮ್ಮಲ್ಲಿ ಅಂಥವನು ನೀನೊಬ್ಬನೇ."

ಓಟಿಸ್ ಹಾಳೆಯನ್ನು ನೋಡಿದ. ವರ್ಗಾವಣೆಗೆ ನನ್ನ ಒಪ್ಪಿಗೆ ಇದೆ ಎಂದು ಅಚ್ಚಾಗಿತ್ತು. ಕೆಳಗೆ ಅವನ ಹೆಸರು. ಯಾವ ಒಂದು ವರ್ಷವನ್ನು ಬೇಲಿ ಎಂದು ನಂಬಿದ್ದನೋ, ಟಾಂಪಾದವರಿಗೆ ಬೇಕಾಗಿದ್ದು ಅದೇ.

"ಅಲ್ಲಿ ನನ್ನ ಆಡಿಸ್ತಾರಾ?"

ಸ್ಲ್ಯಾಟರಿ ಕಿಟಕಿಯ ಕಡೆ ತಿರುಗಿದ. "ಒಂದು ವಾರದಲ್ಲಿ ಬಿಟ್ಬಿಡ್ತಾರೆ. ಮನೇಲಿ ಆರಾಮಾಗಿರಬಹುದು."

"ಥೂ ನಿನ್ನ! ಇದು ನಿನಗೆ ಯಾವಾಗಿಂದ ಗೊತ್ತು?"

"ಮೊದಲನೇ ದಿನದಿಂದ."

"ಅಂದ್ರೆ ನನ್ನ ಜಾಗಕ್ಕೆ ಬರೋನನ್ನ ನನ್ನ ಬಾಯಿಂದಲೇ ಕರೆಸಿದೆ! ಕೀನನ್ ವಿಷಯ ಕೇಳಿದ್ದು ಬರೀ ನಾಟಕ!"

"ತಂಡ ನೋಡ್ಬೇಕಲ್ಲಪ್ಪಾ. ಸಹಿ ಹಾಕು. ನೀನು ಹಾಕದಿದ್ರೆ ಡೆಲ್ರಾಯ್ ಗತಿ ಯೋಚನೆ ಮಾಡು. ಅಲ್ಲಿ ಎಲ್ಲರ ಹತ್ರ ಜಗಳ ಆಡ್ಕೊಂಡು ಕೂತಿದಾನೆ, ನಿನ್ನ ಮಾತು ನಂಬಿ."

ಈ ಮಾತು ಮಾತ್ರ ಓಟಿಸ್‌ಗೆ ನಾಟಿತು. ಹೌದು, ಕರೆದವನು ತಾನು. ತನಗಾದ ಮೋಸಕ್ಕೆ ಗೆಳೆಯನನ್ನು ನಡುನೀರಿನಲ್ಲಿ ಬಿಡುವುದೇ? ಅವನು ಪೆನ್ನು ತೆಗೆದುಕೊಂಡ. ಡೆಲ್ರಾಯ್‌ಗೆ ತಾನೇ ಹೇಳಿಬಿಡುವುದು ಮರ್ಯಾದೆ ಎನಿಸಿ ಎಡಗೈಯಲ್ಲಿ ಫೋನು ಮಾಡಿದ.

"ಡೆಲ್, ಒಂದು ಕೆಟ್ಟ ಸುದ್ದಿ ಕಣೋ. ನೀನು ಬರ್ತೀಯ, ಆದ್ರೆ ನಾನಿರಲ್ಲ. ನಿನ್ನ ಬದಲಿಗೆ ನನ್ನೇ ಕೊಡ್ತಿದಾರೆ. ನನಗೆ ಗೊತ್ತಿರ್ಲಿಲ್ಲ, ನನ್ನಾಣೆ."

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದಾಯಿತು.

"ಡೆಲ್?"

"ಹೂಂ. ಸಹಿ ಹಾಕಿದ್ಯಾ?"

ಅಯ್ಯೋ ಎನ್ನಲಿಲ್ಲ, ಹಾಗಂದ್ರೆ ಏನು ಎನ್ನಲಿಲ್ಲ. ಸಹಿ ಹಾಕಿದ್ಯಾ ಎಂದ. ಓಟಿಸ್ ಪೆನ್ನು ಕೆಳಗಿಟ್ಟ.

"ನಿನಗೆ ಗೊತ್ತಿತ್ತು."

"ನನ್ನ ಏಜೆಂಟ್ ಹೇಳಿದ್ದ. ಹತ್ತು ದಿನ ಆಯ್ತು."

"ಭಾನುವಾರ ಮುಕ್ಕಾಲು ಗಂಟೆ ಮಾತಾಡಿದ್ವಲ್ಲೋ! ಎಲ್ಲಿ ಮನೆ ಮಾಡ್ಲಿ ಅಂತ ನನ್ನೇ ಕೇಳಿದೆ. ನಮ್ಮ ಬೀದೀಲೇ ನೋಡ್ತೀನಿ ಅಂದೆ ನಾನು!"

"ಹೇಳಿದ್ರೆ ನೀನು ಒಪ್ತಿದ್ಯಾ? ನಿನ್ನ ಆಟ ಮುಗೀತು ಓಟಿಸ್. ನನಗೆ ಇನ್ನೂ ಮೂರು ವರ್ಷ ಇದೆ. ಕೋಪ ಮಾಡ್ಕೋಬೇಡ, ಸಹಿ ಹಾಕು ಮಾರಾಯ."

ಓಟಿಸ್ ಫೋನನ್ನು ಜೇಬಿಗೆ ಹಾಕಿದ. ಹಾಳೆಯನ್ನು ಎತ್ತಿ ಎರಡು ತುಂಡು ಮಾಡಿದ.

"ಇನ್ನೊಂದು ಪ್ರತಿ ಇದೆ," ಎಂದ ಸ್ಲ್ಯಾಟರಿ.

"ಇಟ್ಕೋ."

"ಏಪ್ರಿಲ್ ತನಕ ಬೆಂಚಲ್ಲಿ ಕೂರಿಸ್ತೀನಿ. ಒಂದು ನಿಮಿಷ ಆಡ್ಸಲ್ಲ. ಕೊನೇ ಆಟಾನೂ ಇಲ್ಲ ನಿನಗೆ."

"ಕೂರಿಸು. ದಿನಾ ಬೆಳಗ್ಗೆ ಬಂದು ನಿನ್ನೆದುರಿಗೇ ಕೂರ್ತೀನಿ. ನೋಡು ನನ್ನ ಮುಖಾನ."

ಮೂರು ಹೊಡೆಯುವ ತನಕ ಅವನು ಆ ಕುರ್ಚಿಯಿಂದ ಏಳಲಿಲ್ಲ. ಸ್ಲ್ಯಾಟರಿ ಬೈದ, ಬೇಡಿದ, ಬಾಗಿಲು ದಡಾರನೆ ಹಾಕಿಕೊಂಡು ಹೋಗಿ ಮತ್ತೆ ಬಂದ. ಡೆಲ್ರಾಯ್ ಒಂಬತ್ತು ಸಲ ಫೋನು ಮಾಡಿದ. ಓಟಿಸ್ ಎತ್ತಲಿಲ್ಲ.

ಕೆಳಗೆ ಬಂದಾಗ ಕೋಣೆ ಹಬ್ಬದಂತಿತ್ತು. ಯಾರೂ ಹೋಗಲಿಲ್ಲ, ಯಾರೂ ಬರಲಿಲ್ಲ. ಕೀನನ್ ಓಡಿಬಂದು ಅವನ ಕುತ್ತಿಗೆಗೆ ಜೋತುಬಿದ್ದ. "ಉಳ್ಕೊಂಡೆ ಅಣ್ಣಾ! ನೀನು ಎರಡು ಗಂಟೆ ಮೇಲಿದ್ಯಲ್ಲ, ನನಗೋಸ್ಕರ ಜಗಳ ಆಡಿದೀಯ ಅಂತ ಇವರಿಗೆಲ್ಲ ಹೇಳ್ತಾನೇ ಇದ್ದೆ!"

ಹೂಂ ಎಂದರೆ ಮುಗಿಯುತ್ತಿತ್ತು. ಭಾನುವಾರ ಡೆಲ್ರಾಯ್ ತನ್ನೊಡನೆ ಆಡಿದ ಮಾತೆಲ್ಲ ಓಟಿಸ್‌ನ ಕಿವಿಯಲ್ಲೇ ಇತ್ತು. ಅವನು ಆ ಕೈಗಳನ್ನು ಬಿಡಿಸಿದ.

"ನಿನ್ನ ಹೆಸರು ಕೊಟ್ಟವನೇ ನಾನು ಕಣೋ."

"ತಮಾಷೆ ಮಾಡ್ಬೇಡ."

"ತಮಾಷೆ ಅಲ್ಲ. ಮೂರು ವಾರ ಆಯ್ತು. ಅವರಿಗೆ ನೀನು ಬೇಕಾಗಿರ್ಲಿಲ್ಲ, ಅದಕ್ಕೆ ಉಳ್ಕೊಂಡೆ."

ಕೀನನ್ ಒಂದು ಹೆಜ್ಜೆ ಹಿಂದೆ ಸರಿದ.

"ಮೊನ್ನೆ ನಿನ್ನ ಮನೇಲಿ ಊಟ ಮಾಡಿದೆ ನಾನು," ಎಂದ.

ಅಷ್ಟರಲ್ಲಿ ಕೋಚ್ ಸೀಟಿ ಊದಿದ. ಒಬ್ಬೊಬ್ಬರಾಗಿ ಎದ್ದು ಅಂಗಳಕ್ಕೆ ಹೋದರು. ಓಟಿಸ್ ಕೊನೆಯವನಾಗಿ ಹೋಗಿ, ಹನ್ನೊಂದು ವರ್ಷ ನಿಂತ ಜಾಗದಲ್ಲೇ, ಬುಟ್ಟಿಯ ಎಡಗಡೆ ನಿಂತು ಚೆಂಡಿಗಾಗಿ ಕೈಯೆತ್ತಿದ. ಚೆಂಡು ಕೀನನ್‌ನ ಕೈಯಲ್ಲಿತ್ತು. ಅವನು ಇವನನ್ನು ನೋಡಿದ, ಚೆಂಡನ್ನು ನೆಲಕ್ಕೆ ಎರಡು ಸಲ ಬಡಿದ, ಬಲಗಡೆ ನಿಂತವನಿಗೆ ಎಸೆದ.