ಕೆರೆದ ಬೊಂಡ

ಕರ್ ಎಂದಿತು, ಚಪ್ಪರದ ಆಚೆ, ಯಾರೋ ಎಳನೀರು ಕುಡಿದು ಮುಗಿಸಿದ ಬೊಂಡವನ್ನು ಒಡೆದು ಸಿಪ್ಪೆಯ ಚೂರಿನಿಂದ ಒಳಗಿನ ಬಿಳಿ ಗಂಜಿ ಕೆರೆದು ತಿನ್ನುತ್ತಿದ್ದಾರೆ, ಕರ್, ಕರ್, ಅಷ್ಟೇ, ಆದರೆ ಪೋಕರಿಚ್ಚನ ಕೈ ತನ್ನಷ್ಟಕ್ಕೆ ಬಲಗಾಲಿನ ಮೊಣಗಂಟಿಗೆ ಹೋಯಿತು, ಸದ್ದು ಅಲ್ಲಿಂದಲೇ ಬಂದ ಹಾಗೆ. ಮದುಮಗನ ದಿಬ್ಬಣ ಸುಳ್ಯ ದಾಟಿದೆಯಂತೆ, ಅರಂತೋಡಿನ ತಿರುವಿನಲ್ಲಿ ಬಸ್ಸು ಕಂಡ ಕೂಡಲೇ ಕೋಲಾಟ ಸುರು ಆಗ್ಬೇಕು ಗುರುಕ್ಕಳೇ, ಎಂದು ಹೆಣ್ಣಿನ ತಂದೆ ಅಬೂಬಕರ್ ಹಾಜಿ ಹೇಳಿ ಹೋಗಿದ್ದಾನೆ, ಗುರುಕ್ಕಳೇ, ತಂಡದ ಗುರುವನ್ನು ಕರೆಯುವ ಆ ಒಂದು ಮಾತು ಕಿವಿಗೆ ಬಿದ್ದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಬೆನ್ನು ಮಾತ್ರ, ಕಾಲು ಕೇಳುವುದಿಲ್ಲ — ಮುಂಡಿನ ಕೆಳಗೆ ಗಂಟು ಊದಿ ಬಿಸಿಯಾಗಿದೆ, ಬೆಳಿಗ್ಗೆ ಪುತ್ತೂರಿನಲ್ಲಿ ಹೆಂಡತಿ ಐಸಮ್ಮ ಎಕ್ಕದ ಎಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಕಟ್ಟಿದ್ದಳು, ಅದರ ವಾಸನೆಗೆ ಬಸ್ಸಿನಲ್ಲಿ ತಂಡದ ಹುಡುಗ ರವೂಫ್ ಮೂಗು ಅರಳಿಸಿ, ಗುರುಕ್ಕಳೇ, ಇದೆಂತ ಮಂಡಿಗೆ ಎಣ್ಣೆ ಹಚ್ಚಿದ್ದಾ, ಹಪ್ಪಳ ಕರಿಯಲಿಕ್ಕಾ, ಎಂದ, ಹುಡುಗರೆಲ್ಲ ನಕ್ಕರು, ಪೋಕರಿಚ್ಚನೂ ನಕ್ಕ, ನಗುವಾಗ ನೋಡಿದ್ದು ರವೂಫನ ಮುಖವನ್ನಲ್ಲ, ಕಾಲನ್ನು, ಸೀಟಿನ ಕಂಬಿಗೆ ಸುಮ್ಮನೆ ಒದೆಯುತ್ತಿದ್ದ ಆ ಉದ್ದ ಕಾಲನ್ನು, ಎಷ್ಟು ಸಲ ಕುಕ್ಕರಗಾಲಲ್ಲಿ ಕೂತು ಹಾರಿದರೂ ಸದ್ದೇ ಮಾಡದ ಗಂಟನ್ನು.

ತನ್ನ ಗಂಟಿನಲ್ಲಿ ಸದ್ದು ಮೊದಲು ಬಂದದ್ದು ಈ ಊರೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು ಎಂದು ಪೇಟೆಯಲ್ಲಿ ಮಿಠಾಯಿ ಹಂಚಿದ ವರ್ಷ, ಒಣಮೀನಿನ ಅಂಗಡಿಯಲ್ಲಿ ಕೂತವನು ಎದ್ದಾಗ, ಕರ್, ಮರಳಿನ ಮೇಲೆ ಮರಳು ಉಜ್ಜಿದ ಹಾಗೆ, ಆಮೇಲೆ ಡಾಕ್ಟ್ರ ಹತ್ತಿರ ಹೋದದ್ದು, ರಾಧಾಕೃಷ್ಣ ಡಾಕ್ಟ್ರು ಗಂಟಿನ ಮೇಲೆ ಅಂಗೈ ಇಟ್ಟು ಕಾಲನ್ನು ಮಡಚಿ ಬಿಡಿಸಿ, ಬೊಂಡ ಒಡೆದು ನೋಡಿದ್ದೀರಲ್ಲ ಪೋಕರ್, ಒಳಗೆ ಬಿಳಿ ಗಂಜಿ ಉಂಟಲ್ಲ, ಎಲುಬಿನ ತುದಿಗೂ ಹಾಗೇ ಒಂದು ನಯವಾದ ಹೊದಿಕೆ, ಮೆಲ್ಲ ನಡೆದರೆ ಅದಕ್ಕೆ ನೀರು ಸಿಗ್ತದೆ, ಹಾರಿ ಹಾರಿ ಬಿದ್ದರೆ ಕೆರೆದು ಹೋಗ್ತದೆ, ಕೆರೆದು ಹೋದದ್ದು ಮತ್ತೆ ಬೆಳೆಯುದಿಲ್ಲ ಮಾರಾಯ್ರೆ, ಹಾಗಂತ ಮಲಗಿಬಿಡ್ಬೇಡಿ, ಮಲಗಿದರೂ ಅದು ಸೊರಗ್ತದೆ, ದಿನಾ ಸಮತಟ್ಟು ನೆಲದಲ್ಲಿ ನಡೀರಿ, ಸಾಕು. ನಡೆಯುವುದೂ ಒಂದು ಮದ್ದೇ? ಕಹಿ ಇಲ್ಲದ ಮದ್ದನ್ನು ಯಾರು ನಂಬುತ್ತಾರೆ. ಕೋಲಾಟದ ಗುರುಕ್ಕಳ್ ಕೈಬೀಸಿಕೊಂಡು ದರ್ಬೆವರೆಗೆ ಹೋಗಿ ಬರುವುದನ್ನು ಪೇಟೆ ನೋಡಬೇಕೇ, ಎಲ್ಲಿಗೆ ಪೋಕರಿಚ್ಚ, ಎಲ್ಲಿಗೂ ಇಲ್ಲ, ಸುಮ್ಮನೆ, ಛೆ. ಮಳೆಗಾಲದ ಆಟಿ ತಿಂಗಳು ಬಂತು, ಮೈಗೆ ಎಣ್ಣೆ ಮದ್ದು ಮಾಡಿಸುವವರೆಲ್ಲ ಆಟಿಯಲ್ಲೇ ಮಾಡಿಸುವುದು, ಮದ್ದಿನವನು ಎಣ್ಣೆ ತಿಕ್ಕಿ ಕಾಲಿಗೆ ಬಟ್ಟೆ ಸುತ್ತಿದ, ನೆಲಕ್ಕೆ ಕಾಲು ಇಡಬಾರದು ಎಂದ, ಮಳೆ ನಿಲ್ಲುವವರೆಗೆ ಮಲಗಿದ್ದು, ಡಾಕ್ಟ್ರು ಹೇಳಿದ್ದು ನಡೀಲಿಕ್ಕೆ, ನೀವು ಹೆತ್ತವಳ ಹಾಗೆ ಮಲಗಿದ್ದೀರಿ, ಎಂದು ಐಸಮ್ಮ ಗೊಣಗಿದ್ದು, ಬಿಸಿಲು ಬಂದಾಗ ತೊಡೆ ಅಕ್ಕಿ ಖಾಲಿಯಾದ ಚೀಲದಂತೆ ಇಳಿದುಹೋಗಿತ್ತು, ಅದನ್ನು ನೋಡಿ ಮರುದಿನವೇ ಅಂಗಳದ ಗಟ್ಟಿ ಕೆಂಪು ಮುರಕಲ್ಲಿನ ಮೇಲೆ ಹುಡುಗರನ್ನು ನಿಲ್ಲಿಸಿ ಅವರಿಗಿಂತ ಹೆಚ್ಚು ತಾನೇ ಕೂತದ್ದು, ಹಾರಿದ್ದು, ಕೂತದ್ದು, ಹಾರಿದ್ದು, ನೋವು ಬಂದರೆ ಒಳ್ಳೆಯದೇ, ನೋವು ಎಂದರೆ ತುಕ್ಕು ಬಿಡುವುದು, ಬೆವರಿನಲ್ಲಿ ಎಲ್ಲ ಹೋಗುತ್ತದೆ ಎಂದು — ಹೋದದ್ದು ಯಾವುದು.

ಬಸ್ಸಿನ ಹಾರ್ನು. ಹೆಂಗಸರು ಕಿಟಕಿಗೆ ಓಡುತ್ತಾರೆ, ಹುಡುಗರು ವೃತ್ತ ಕಟ್ಟುತ್ತಾರೆ, ಅವನ ಎರಡು ಕೋಲುಗಳು ಅಂಗೈಯಲ್ಲಿ, ಹಿಡಿದು ಹಿಡಿದು ನಯವಾದವು, ತನಗಿಂತ ಮೊದಲಿನ ಸಾಹುಲ್ ಹಮೀದ್ ಗುರುಕ್ಕಳ್ ಕೊಟ್ಟವು. ಕೊಟ್ಟವಲ್ಲ, ಬಿಟ್ಟವು. ಈ ತಂಡದಲ್ಲಿ ಗುರುಕ್ಕಳ್ ಹೊಡೆಯದೆ ಯಾರ ಕೋಲೂ ಏಳುವುದಿಲ್ಲ, ಆಟದ ನಡುವೆ ಹೊರಗೆ ಬಂದರೆ ಕೋಲನ್ನು ಪಕ್ಕದವನ ಕೈಗಿಟ್ಟೇ ಬರಬೇಕು, ಇಟ್ಟ ಕೋಲು ತಿರುಗಿ ಬರುವುದಿಲ್ಲ, ಅವತ್ತು ಕಡಬದ ಮದುವೆಯಲ್ಲಿ ಕೆಮ್ಮು ತಡೆಯದೆ ಹಮೀದ್ ಗುರುಕ್ಕಳ್ ಪಕ್ಕದಲ್ಲಿದ್ದ ಪೋಕರಿಚ್ಚನ ಕೈಗೆ ಕೋಲಿಟ್ಟು ಹೊರಬಂದರು, ಮರುದಿನದಿಂದ ಜನ ಅವರನ್ನು ಸಾಹುಲಿಚ್ಚ ಎಂದರು, ಬರೀ ಸಾಹುಲಿಚ್ಚ, ಅವರು ನಮಾಜು ಮುಗಿದ ಮೇಲೂ ಪಳ್ಳಿಯ ಮೆಟ್ಟಿಲಲ್ಲಿ ಕೂತು ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಪಕ್ಕದವನು ಈಗ ರವೂಫ್. ಟಕ್, ಮೊದಲ ಪೆಟ್ಟು, ಹಾಡು ಎದ್ದಿತು, ಟಕ್ ಟಕ್, ನಿಂತು ಹೊಡೆಯುವುದು ಸುಲಭ, ಸುತ್ತುವುದು ಸುಲಭ, ಇನ್ನೊಂದು ಸುತ್ತು, ಮುಂದಿನದು ಕೂತು ಹಾರುವುದು, ತಾಳ ಯಾಕೆ ಇಳಿಯುತ್ತಿದೆ, ಯಾರು ಎಳೆಯುತ್ತಿರುವುದು, ರವೂಫ್, ರವೂಫ್ ಹಾಡನ್ನು ಬೇಕೆಂದೇ ಎಳೆಯುತ್ತಿದ್ದಾನೆ, ಹುಡುಗರೆಲ್ಲ ಅವನ ಜೊತೆ ಮೆಲ್ಲಗಾಗುತ್ತಿದ್ದಾರೆ, ಮೊದಲೇ ಮಾತಾಡಿಕೊಂಡವರ ಹಾಗೆ, ಮುದಿ ಹಸುವಿಗಾಗಿ ದಾರಿಯಲ್ಲಿ ನಿಂತು ಕಾಯುವವರ ಹಾಗೆ, ರವೂಫನ ಕಣ್ಣು ಪೋಕರಿಚ್ಚನ ಮಂಡಿಯ ಮೇಲೆ, ತಮಾಷೆ ಇಲ್ಲ ಆ ಕಣ್ಣಲ್ಲಿ, ತಮಾಷೆ ಇದ್ದಿದ್ದರೆ ಆಗುತ್ತಿತ್ತು, ಮೆಲ್ಲ, ಗುರುಕ್ಕಳೇ, ಮೆಲ್ಲ ಸಾಕು, ಎನ್ನುತ್ತಾನೆ ಪಿಸುಮಾತಿನಲ್ಲಿ, ಡಾಕ್ಟ್ರೂ ಅದನ್ನೇ, ಮೆಲ್ಲ, ಐಸಮ್ಮನೂ, ಮೆಲ್ಲ — ಜೋರು! ಎಂದು ಕೂಗಿದ್ದು ತಾನೇ, ಜೋರು ಹಾಡಿ, ಸತ್ತವರ ಮನೆಯಾ ಇದು, ತಾಳ ಹಾರಿತು, ಪೋಕರಿಚ್ಚ ಕೂತ, ಎದ್ದ, ಕೂತ, ಎದ್ದ, ನೋವಿಲ್ಲ, ಏನೂ ಇಲ್ಲ, ಹದಿನೆಂಟರ ಕಾಲು, ಕೂತ —

ಕರ್.

ಕೋಲುಗಳು ನಿಂತಿವೆ, ಹಾಡು ನಿಂತಿದೆ, ಮದುಮಗನ ಹೊಸ ಚಪ್ಪಲಿ ಅಲ್ಲೇ ಎದುರಿಗೆ ನಿಂತಿದೆ, ಬಿದ್ದ ನೆಲದಿಂದ ಅಷ್ಟೇ ಕಾಣುವುದು, ಆಮೇಲೆ ರವೂಫನ ಅಂಗೈ, ತೆರೆದದ್ದು, ಏಳಿಸಲಿಕ್ಕೋ ಕೋಲಿಗೋ, ಬೆರಳು ಕೋಲನ್ನು ಬಿಡುವುದಿಲ್ಲ, ಚಪ್ಪರದ ಆಚೆ ಯಾರೋ ಇನ್ನೂ ಬೊಂಡ ಕೆರೆಯುತ್ತಿದ್ದಾರೆ, ಬಿಳಿ ಮುಗಿದರೂ ಬಿಡದೆ, ಕರ್, ಸಿಪ್ಪೆಯ ಚೂರು, ಕಂದು ಚಿಪ್ಪು, ಕರ್, ಕಂದು ಚಿಪ್ಪು